ಬಂಡಿಜಾಡಿನಲ್ಲಿ ಒಂದಿರುಳು

ಜೀಪು ಎಂದೊಡನೆ ನನ್ನ ವಯಸ್ಸಿನವರಿಗೆ ನೆನಪಾಗುವವರು ಇಬ್ಬರು: ತಾಲ್ಲೂಕಿನ ಅಮಲ್ದಾರರು ಮತ್ತು ಚುನಾವಣೆಗೆ ನಿಂತ ಅಭ್ಯರ್ಥಿಗಳು. ಮೊದಲನೆಯವರ ಜೀಪು ಊರಿಗೆ ಬಂದರೆ ಹಿರಿಯರು ಪಂಚೆ ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದರು. ಎರಡನೆಯವರ ಜೀಪು ಬಂದರೆ ಬಣ್ಣದ ಕರಪತ್ರಗಳಿಗಾಗಿ ನಾವು ಹುಡುಗರೆಲ್ಲ ಧೂಳಿನಲ್ಲಿ ಅದರ ಹಿಂದೆ ಓಡುತ್ತಿದ್ದೆವು. ಯಾವ ಕೆಲಸವೂ ಇಲ್ಲದೆ, ಬರಿಯ ಸಂತೋಷಕ್ಕಾಗಿ, ಅದೂ ಕತ್ತಲಾದ ಮೇಲೆ, ಇರುವ ಒಳ್ಳೆಯ ಟಾರು ರಸ್ತೆಯನ್ನು ಬಿಟ್ಟು ಕೆಟ್ಟ ದಾರಿಯನ್ನೇ ಹುಡುಕಿಕೊಂಡು ಜೀಪಿನಲ್ಲಿ ಹೋಗುವವರೂ ಉಂಟೆಂದು ಆಗ ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. ಈಗ ನಂಬಲೇಬೇಕಾಗಿದೆ. ಕಳೆದ ಮಾರ್ಗಶಿರದಲ್ಲಿ ನಾನೇ ಅಂಥದೊಂದು ತಂಡದ ಜೊತೆಯಲ್ಲಿ ನಂಜನಗೂಡಿನಿಂದ ತಿರುಮಕೂಡಲು ನರಸೀಪುರದ ಕಡೆಗೆ ಒಂದಿರುಳು ಅಲೆದು ಬಂದೆ.

ಕರೆದವನು ನನ್ನ ತಂಗಿಯ ಮಗ. "ಮಾವ, ಮೂವತ್ತು ವರ್ಷ ಬೋರ್ಡಿನ ಮೇಲೆ ಘರ್ಷಣೆ ಘರ್ಷಣೆ ಅಂತ ಬರೆದಿರಿ. ಒಂದು ಸಲ ಬಂದು ಕಣ್ಣಾರೆ ನೋಡಿ" ಎಂದ. ಭೌತಶಾಸ್ತ್ರದ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಸವಾಲು ಬೇಕೆ? ಶಾಲು ಹೊದ್ದು ಹೊರಟೆ.

ಸಂಜೆ ಶ್ರೀಕಂಠೇಶ್ವರನ ಗುಡಿಯಲ್ಲಿ ಮಂಗಳಾರತಿಯ ಗಂಟೆ ನಿಂತ ಮೇಲೆ ಊರ ಹೊರಗೆ ಐದು ವಾಹನಗಳು ಸೇರಿದವು. ಒಂದು ಹಳೆಯ ಮಹೀಂದ್ರ ಜೀಪು, ಒಂದು ಮಾರುತಿ ಜಿಪ್ಸಿ, ಎರಡು ಥಾರ್, ಒಂದು ಜಿಮ್ನಿ. ಇವೆಲ್ಲದರ ಮೂಲಪುರುಷ ಒಂದೇ. 1940ರಲ್ಲಿ ಅಮೆರಿಕದ ಸೈನ್ಯವು ರಸ್ತೆ ಇಲ್ಲದ ಕಡೆಗೂ ನುಗ್ಗಬಲ್ಲ ಹಗುರವಾದ ಗಾಡಿಯೊಂದು ಬೇಕೆಂದು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಅದನ್ನು ಲಕ್ಷಗಟ್ಟಲೆಯಾಗಿ ತಯಾರಿಸಿದವು. ಯುದ್ಧ ಮುಗಿಯುವ ಹೊತ್ತಿಗೆ ಜಗತ್ತಿನಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪುಗಳಿದ್ದವು. ನಮಗೆ ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮುಂಬಯಿಯ ಮಹೀಂದ್ರ ಕಂಪನಿ ಇಲ್ಲಿಯೇ ಅವನ್ನು ಜೋಡಿಸತೊಡಗಿತು. 1985ರಲ್ಲಿ ಜಿಪ್ಸಿ ಬಂದಿತು. ಥಾರ್ ಬಂದದ್ದು 2010ರಲ್ಲಿ, ಜಿಮ್ನಿ 2023ರಲ್ಲಿ. ಆದರೆ ನಾನು ಹುಡುಗನಾಗಿ ಕಂಡ ಜೀಪುಗಳನ್ನು ಕುರಿತು ನನ್ನ ಅಳಿಯ ಹೇಳಿದ ಒಂದು ಮಾತಿನಿಂದ ನನಗೆ ನಿರಾಸೆಯಾಯಿತು. ನಮ್ಮ ದೇಶದಲ್ಲಿ ಓಡಾಡಿದ ಜೀಪುಗಳಲ್ಲಿ ಬಹಳಷ್ಟಕ್ಕೆ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಎಂಜಿನ್ನಿನ ಸಂಬಂಧವಿತ್ತಂತೆ. ನಾವು ಬೆನ್ನಟ್ಟಿದ್ದು ಜೀಪಿನ ವೇಷ ತೊಟ್ಟ ಸಾಧಾರಣ ಮೋಟಾರುಗಳನ್ನೋ ಏನೋ!

ಹಾಗಾದರೆ ನಾಲ್ಕು ಗಾಲಿಗೂ ಶಕ್ತಿ ಕೊಡುವುದರಿಂದ ಆಗುವ ವಿಶೇಷವೇನು? ಎಂಜಿನ್ನು ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಗಾಡಿಯನ್ನು ಮುಂದಕ್ಕೆ ತಳ್ಳುವುದು ನೆಲ. ಗಾಲಿಯು ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲವು ಗಾಲಿಯನ್ನು ಮುಂದಕ್ಕೆ ಒತ್ತುತ್ತದೆ. ನಡುವೆ ಘರ್ಷಣೆಯೆಂಬ ದಲ್ಲಾಳಿ. ನೆಲ ಎಷ್ಟು ಹಿಡಿಯಬಲ್ಲದೋ ಅಷ್ಟನ್ನು ಮೀರಿ ಒತ್ತಿದರೆ ಗಾಲಿ ಜಾರಿ ಸುಮ್ಮನೆ ಗಿರ್ರನೆ ಸುತ್ತುತ್ತದೆ. ಆ ಹಿಡಿತವಾದರೂ ಗಾಲಿಯ ಮೇಲೆ ಬಿದ್ದಿರುವ ಭಾರವನ್ನು ಅವಲಂಬಿಸಿದೆ. ಹಿಂದಿನ ಎರಡೇ ಗಾಲಿಗಳು ದುಡಿಯುವ ಗಾಡಿಯಲ್ಲಿ ಮುಂದಿನ ಗಾಲಿಗಳ ಮೇಲಿನ ಭಾರವೆಲ್ಲ ಬಿಟ್ಟಿ ಸವಾರಿ ಮಾಡುತ್ತದೆ. ನಾಲ್ಕೂ ದುಡಿದರೆ ಗಾಡಿಯ ಇಡೀ ಭಾರ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಇದರಲ್ಲಿ ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ; ನೆಲ ಕೊಡಲು ಸಿದ್ಧವಾಗಿರುವ ಹಿಡಿತವನ್ನು ಪೂರ್ತಿಯಾಗಿ ಪಡೆದುಕೊಳ್ಳುತ್ತೇವೆ, ಅಷ್ಟೆ. ಜೋಡೆತ್ತಿನ ಗಾಡಿಗೆ ಈ ಸೌಕರ್ಯ ಮೊದಲಿನಿಂದಲೂ ಇತ್ತೆಂಬುದನ್ನು ಮರೆಯಬಾರದು. ಎಂಟು ಕಾಲುಗಳು ಎಳೆಯುತ್ತವೆ. ಪ್ರತಿಯೊಂದು ಕಾಲೂ ತಾನು ಊರುವ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ. ಗಾಲಿಗೆ ಆ ವಿವೇಕ ಎಲ್ಲಿಂದ ಬರಬೇಕು?

ಇನ್ನೊಂದು ಮಾತನ್ನು ತಂಡದ ಮುಂದಾಳು, ಮೈಸೂರಿನಲ್ಲಿ ಮೋಟಾರು ದುರಸ್ತಿ ಮಾಡುವ ಮಿತಭಾಷಿ, ಎಲ್ಲರಿಗೂ ಕೇಳುವಂತೆ ಹೇಳಿದ. ನಾಲ್ಕು ಗಾಲಿಯ ಚಾಲನೆ ಹೊರಡುವುದಕ್ಕೆ ನೆರವಾಗುತ್ತದೆ, ನಿಲ್ಲುವುದಕ್ಕೆ ಆಗುವುದಿಲ್ಲ ಎಂಬುದು ಆ ಮಾತು. ಬ್ರೇಕು ಎಲ್ಲ ಮೋಟಾರುಗಳಲ್ಲಿಯೂ ನಾಲ್ಕು ಗಾಲಿಗಳಿಗೇ ಇರುತ್ತದಷ್ಟೆ. ಜಾರು ನೆಲದಲ್ಲಿ ಸಲೀಸಾಗಿ ವೇಗ ಪಡೆದವನು ತಾನು ಅಷ್ಟೇ ಸಲೀಸಾಗಿ ನಿಲ್ಲಬಲ್ಲೆನೆಂದು ಭ್ರಮಿಸಿ ಹಳ್ಳಕ್ಕೆ ಬೀಳುತ್ತಾನೆ.

ಹೊರಡುವ ಮುನ್ನ ಅವನು ಇನ್ನೂ ಕೆಲವು ಕಟ್ಟಳೆಗಳನ್ನು ವಿಧಿಸಿದ. ಕಾಡಿನ ಕಡೆಗೆ ಮುಖ ಹಾಕುವಂತಿಲ್ಲ. ನಂಜನಗೂಡಿನ ಮೇಲೆ ಹಾದು ಗುಂಡ್ಲುಪೇಟೆಗೆ, ಅಲ್ಲಿಂದ ವಯನಾಡಿಗೆ ಹೋಗುವ ಹೆದ್ದಾರಿಯನ್ನು ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚುವುದು 2009ರಿಂದ ನಡೆದುಬಂದಿದೆ. ಇರುಳು ಕಾಡು ಪ್ರಾಣಿಗಳದ್ದು. ನಾಲೆಯ ಏರಿಯ ಮೇಲೆ ಗಾಲಿ ಇಡುವಂತಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತದ್ದು ಹಾಡಹಗಲಿನಲ್ಲಿ. ಇನ್ನು ರಾತ್ರಿಯ ಮಾತೇನು? ತಲಕಾಡಿನ ಮರಳಿನ ಆಸೆಯಂತೂ ಬೇಡವೇ ಬೇಡ, ಅದರ ಕೆಳಗೆ ಗುಡಿಗಳಿವೆ. ಉಳಿದದ್ದು ಏನು? ಊರೂರನ್ನು ಕೂಡಿಸುವ ಬಂಡಿದಾರಿಗಳು. ಗ್ರಾಮನಕ್ಷೆಯಲ್ಲಿ ಚುಕ್ಕೆಗಳ ಗೆರೆಯಾಗಿ ಕಾಣುವ ಈ ದಾರಿಗಳನ್ನು ಅವನು ಹಗಲಿನಲ್ಲಿ ಒಮ್ಮೆ ಬಂದು ನೋಡಿಕೊಂಡು ಹೋಗಿದ್ದ. ನಕ್ಷೆಯಲ್ಲಿಲ್ಲದ ಜಾಡು ಕಂಡರೆ ಅದು ಯಾರದೋ ಹೊಲ ಎಂದು ತಿಳಿಯಬೇಕೆಂಬುದು ಅವನ ಕೊನೆಯ ಕಟ್ಟಳೆ.

ನಂಜನಗೂಡಿನಿಂದ ನರಸೀಪುರಕ್ಕೆ ಟಾರು ರಸ್ತೆಯಲ್ಲಿ ಒಂದು ಗಂಟೆಯೂ ಬೇಡ. ನಮಗೆ ಇಡೀ ರಾತ್ರಿ ಬೇಕಾಯಿತು. ಕಪಿಲೆ ಕಾವೇರಿಯನ್ನು ಕೂಡಲು ಮೂಡಣಕ್ಕೆ ಹರಿಯುತ್ತಾಳೆ. ನಾವೂ ಅದೇ ದಿಕ್ಕು ಹಿಡಿದು, ಅವಳಿಂದ ಸ್ವಲ್ಪ ದೂರದಲ್ಲಿ, ಹೊಲಗದ್ದೆಗಳ ನಡುವೆ ಬಳಸಿ ಬಳಸಿ ಸಾಗಿದೆವು. ಈ ನಾಡಿನಲ್ಲಿ ಮಣ್ಣು ಎಷ್ಟು ಬೇಗ ಬದಲಾಗುತ್ತದೆಂಬುದು ಬಸ್ಸಿನಲ್ಲಿ ಹೋಗುವವರಿಗೆ ತಿಳಿಯುವುದಿಲ್ಲ. ದಿಬ್ಬದ ಮೇಲೆ ಗರಸುಕಲ್ಲು ಬೆರೆತ ಕೆಂಪುಮಣ್ಣು. ಇಳಿದರೆ ಎರೆ. ನೀರಾವರಿಯ ತಗ್ಗಿನಲ್ಲಿ ಗದ್ದೆಯ ಜೇಡಿ. ಹೊಳೆಯ ಹತ್ತಿರದ ಓಣಿಗಳಲ್ಲಿ ಮರಳು. ಕೆಂಪುಮಣ್ಣು ನೆನೆದರೂ ಅದರೊಳಗಿನ ಕಲ್ಲಿನ ಹರಳು ಗಾಲಿಗೆ ಹಿಡಿತ ಕೊಡುತ್ತದೆ. ಎರೆಯ ಸ್ವಭಾವ ಬೇರೆ. ಅದರ ಕಣಗಳು ಅತಿ ಸಣ್ಣವು, ಹಾಳೆಹಾಳೆಯಾಗಿ ಒಂದರ ಮೇಲೊಂದು ಕುಳಿತಿರುತ್ತವೆ; ನೀರು ಆ ಹಾಳೆಗಳ ನಡುವೆ ಹೊಕ್ಕು ಮಣ್ಣನ್ನು ಉಬ್ಬಿಸುತ್ತದೆ. ಒಣಗಿದಾಗ ಬಿರುಕು ಬಿಡುವ ಅದೇ ನೆಲ ನೆನೆದಾಗ ಟೈರಿನ ಗೀರುಗಳನ್ನೆಲ್ಲ ತುಂಬಿಕೊಂಡು ಗಾಲಿಯನ್ನು ನುಣ್ಣನೆಯ ಉಂಡೆಯನ್ನಾಗಿ ಮಾಡಿಬಿಡುತ್ತದೆ. ಆಮೇಲೆ ಗಾಲಿ ನಾಲ್ಕಿದ್ದರೇನು, ನಲವತ್ತಿದ್ದರೇನು? ಎರೆ ನೆನೆದಿದ್ದರೆ ಕಾಯುವುದೇ ಬುದ್ಧಿವಂತಿಕೆ. ಗಾಡಿ ಹೊಡೆಯುವವರು ಮಾಡುತ್ತಿದ್ದುದೂ ಅದನ್ನೇ.

ಮರಳಿನ ಓಣಿಗೆ ಬಂದಾಗ ಎಲ್ಲರೂ ಇಳಿದು ಟೈರುಗಳ ಗಾಳಿ ಬಿಡತೊಡಗಿದರು. ನನಗೆ ಇದು ವಿಚಿತ್ರವಾಗಿ ಕಂಡಿತು. ಪಂಕ್ಚರಾದರೆ ಗೋಳಾಡುವ ನಾವು ಬೇಕೆಂದೇ ಗಾಳಿ ಬಿಡುವುದೆ? ಮೂವತ್ತರ ಆಸುಪಾಸಿನಲ್ಲಿದ್ದ ಒತ್ತಡವನ್ನು ಹದಿನೆಂಟಕ್ಕೆ ಇಳಿಸಿದಾಗ ಟೈರು ಚಪ್ಪಟೆಯಾಗಿ, ನೆಲಕ್ಕೆ ತಗಲುವ ಅದರ ಪಾದ ಉದ್ದವಾಯಿತು. ಒಂಟೆಯ ಪಾದ ಅಗಲವಾಗಿರುವುದು ಏಕೆಂದು ಮಕ್ಕಳಿಗೆ ಪಾಠ ಹೇಳುತ್ತೇವಲ್ಲ, ಅದೇ ನ್ಯಾಯ. ಭಾರ ಹರಡಿಕೊಂಡರೆ ಗಾಲಿ ಹೂತುಕೊಳ್ಳುವುದಿಲ್ಲ. ಮತ್ತೆ ಗಟ್ಟಿ ನೆಲಕ್ಕೆ ಬಂದೊಡನೆ ಸಣ್ಣ ಪಂಪಿನಿಂದ ಗಾಳಿ ತುಂಬಿಕೊಳ್ಳಬೇಕು. ಇಲ್ಲವಾದರೆ ಟೈರು ಕಾದು ಹಾಳಾಗುತ್ತದೆ. ಗಾಳಿ ಬಿಟ್ಟು ತುಂಬುವುದರಲ್ಲಿಯೇ ಮುಕ್ಕಾಲು ಗಂಟೆ ಕಳೆಯಿತು. ಈ ವಿಹಾರದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು ಎಂಬುದನ್ನು ನೀವು ತಿಳಿಯಬೇಕು.

ಒಂದು ಕೊರಕಲಿನ ಬಳಿ ಮುಂದಾಳು ನನಗಾಗಿಯೇ ಒಂದು ಪ್ರಯೋಗ ತೋರಿಸಿದ. ಹಳೆಯ ಜೀಪನ್ನು ಓರೆಯಾಗಿ ಇಳಿಸಿದಾಗ ಮುಂದಿನ ಎಡಗಾಲಿಯೂ ಹಿಂದಿನ ಬಲಗಾಲಿಯೂ ನೆಲದಿಂದ ಮೇಲೆದ್ದವು. ವೇಗ ಕೊಟ್ಟರೆ ಆ ಎರಡು ಗಾಲಿಗಳು ಗಾಳಿಯಲ್ಲಿ ಬುಗುರಿಯಂತೆ ತಿರುಗಿದವು. ನೆಲದ ಮೇಲೆ ಗಟ್ಟಿಯಾಗಿ ಕುಳಿತಿದ್ದ ಇನ್ನೆರಡು ಅಲುಗಾಡಲಿಲ್ಲ. ನಾಲ್ಕು ಗಾಲಿಯ ಗಾಡಿ ನಿಂತಲ್ಲೇ ನಿಂತಿತು! ಇದರ ಕಾರಣ ಪ್ರತಿಯೊಂದು ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಪು. ತಿರುವಿನಲ್ಲಿ ಹೊರಗಡೆಯ ಗಾಲಿ ಒಳಗಡೆಯದಕ್ಕಿಂತ ಹೆಚ್ಚು ದೂರ ಸಾಗಬೇಕು. ಅದಕ್ಕೆ ಎಡೆ ಮಾಡಿಕೊಡಲು ಈ ಏರ್ಪಾಡು. ಆದರೆ ಇದು ಎರಡು ಗಾಲಿಗಳಿಗೂ ಹಂಚುವ ಬಲ ಯಾವಾಗಲೂ ಸಮವಾಗಿರುತ್ತದೆ. ನಡುವಿನಲ್ಲಿ ಕಟ್ಟಿದ ನೊಗವನ್ನು ನೆನೆದುಕೊಳ್ಳಿ. ಒಂದೆತ್ತು ಎಳೆಯುವುದನ್ನು ಬಿಟ್ಟರೆ ನೊಗ ಓರೆಯಾಗುತ್ತದೆಯೇ ಹೊರತು, ಇನ್ನೊಂದು ಎತ್ತಿನ ಬಲವೆಲ್ಲ ಗಾಡಿಗೆ ಸೇರುವುದಿಲ್ಲ. ಗಾಳಿಯಲ್ಲಿ ತೇಲುವ ಗಾಲಿಗೆ ತಡೆಯೇ ಇಲ್ಲ, ಆದ್ದರಿಂದ ಅದಕ್ಕೆ ಬೇಕಾದ ಬಲ ಸೊನ್ನೆಗೆ ಸಮೀಪ. ಅದರ ಜೊತೆಗಾರನಿಗೂ ಅಷ್ಟೇ ಪಾಲು. ಒಟ್ಟು ಕುಟುಂಬಗಳಲ್ಲಿ ಇಂಥ ಸಮಪಾಲಿನ ಪರಿಣಾಮವನ್ನು ಕಂಡವರು ನಿಮ್ಮಲ್ಲಿ ಇರಬಹುದು. ಹೊಸ ಗಾಡಿಗಳಲ್ಲಿ ಈ ಹಲ್ಲುಚಕ್ರಗಳನ್ನು ಬಿಗಿದು ಎರಡು ಗಾಲಿಗಳನ್ನೂ ಒಂದಾಗಿ ತಿರುಗಿಸುವ ಬೀಗವಿರುವುದುಂಟು. ಹಳೆಯ ಜೀಪಿಗೆ ಅದಿಲ್ಲ. ತೇಲುತ್ತಿದ್ದ ಗಾಲಿಯ ಕೆಳಗೆ ನಾಲ್ಕು ಚಪ್ಪಡಿ ಕಲ್ಲು ಒಟ್ಟಿದೆವು, ಬಂದುಬಿಟ್ಟಿತು. ಆ ಕಲ್ಲುಗಳನ್ನು ಮತ್ತೆ ಮೊದಲಿದ್ದ ಜಾಗದಲ್ಲೇ ಇಡಿಸಿದ ಮುಂದಾಳು. ಯಾವುದೋ ಹೊಲದ ಬದುವಿನ ಕಲ್ಲು ಅವು.

ಟಾರು ರಸ್ತೆಯಲ್ಲಿ ಈ ನಾಲ್ಕರ ಚಾಲನೆಯನ್ನು ಬಳಸಬಾರದೆಂಬುದಕ್ಕೂ ಇಲ್ಲಿಯೇ ಉತ್ತರವಿದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ಬಳಸಿನಲ್ಲಿ ಸಾಗುತ್ತವೆ. ಈ ಗಾಡಿಗಳಲ್ಲಿ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಒಂದೇ ವೇಗಕ್ಕೆ ಕಟ್ಟಿರುತ್ತಾರೆ. ಮಣ್ಣಾದರೆ ಗಾಲಿ ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸಿಕೊಳ್ಳುತ್ತದೆ, ಟಾರಿನ ಮೇಲೆ ಜಾರಲು ಆಗದೆ ಯಂತ್ರದ ಒಳಗೇ ತಿರುಚು ಕೂಡಿಕೊಳ್ಳುತ್ತದೆ.

ಇಷ್ಟೆಲ್ಲ ಹಗಲಿನಲ್ಲಿಯೂ ನಡೆಯುವ ಸಂಗತಿ. ಕತ್ತಲಿನಲ್ಲಿ ಹೋಗುವುದರ ಕಷ್ಟ ಗಾಲಿಯದಲ್ಲ, ಕಣ್ಣಿನದು. ದೀಪ ಪ್ರಖರವಾಗಿದ್ದಷ್ಟೂ ಚೆನ್ನಾಗಿ ಕಾಣುತ್ತದೆಂದು ನಾನೂ ತಿಳಿದಿದ್ದೆ. ಕಳೆದುಹೋದ ಮೂಗುಬೊಟ್ಟನ್ನು ಹುಡುಕುವ ಹೆಂಗಸರು ದೀಪವನ್ನು ನೆಲದ ಮಟ್ಟಕ್ಕೆ ಇಳಿಸಿ ಹಿಡಿಯುವುದನ್ನು ನೀವು ನೋಡಿರಬೇಕು. ಬೆಳಕು ಓರೆಯಾಗಿ ಬಿದ್ದರೆ ಸಣ್ಣ ಹರಳಿಗೂ ಉದ್ದನೆಯ ನೆರಳು ಬೀಳುತ್ತದೆ, ನೆರಳೇ ಅದನ್ನು ತೋರಿಸಿಕೊಡುತ್ತದೆ. ಜೀಪಿನ ತಗ್ಗಿನ ದೀಪಗಳೂ ಹಾಗೆಯೇ. ಪ್ರತಿಯೊಂದು ಕಲ್ಲನ್ನೂ ಕೊರಕಲನ್ನೂ ನೆರಳಿನಿಂದ ಬರೆದು ತೋರಿಸುತ್ತವೆ. ಈಗ ಕೆಲವರು ಗಾಡಿಯ ನೆತ್ತಿಯ ಮೇಲೆ ಸಾಲುದೀಪದ ಪಟ್ಟಿಯನ್ನು ಕಟ್ಟುತ್ತಾರೆ. ಅದು ಚಾಲಕನ ಕಣ್ಣಿನ ಎತ್ತರದಲ್ಲಿಯೇ ಇರುವುದರಿಂದ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗಿಬಿಡುತ್ತದೆ. ಬೆಳಕು ಬೇಕಾದಷ್ಟಿದ್ದು ನೆಲ ಮಾತ್ರ ತಟ್ಟೆಯಂತೆ ಸಪಾಟಾಗಿ ಕಾಣುತ್ತದೆ. ಧೂಳೆದ್ದರೆ ಮುಗಿದೇ ಹೋಯಿತು. ಟೆಂಟ್ ಸಿನಿಮಾದಲ್ಲಿ ಬೀಡಿಯ ಹೊಗೆಯ ನಡುವೆ ಹಾಯುತ್ತಿದ್ದ ಬೆಳಕಿನ ಕಂಬ ನೆನಪಿದೆಯೆ? ಅಂಥದೇ ಕಂಬ ಕಣ್ಣೆದುರಿಗೇ ಎದ್ದು ನಿಂತು ದಾರಿಯನ್ನು ಮರೆಮಾಡುತ್ತದೆ.

ನೀರಿನ ವಿಚಾರ ಇನ್ನೂ ಸ್ವಾರಸ್ಯವಾದದ್ದು. ದೀಪದ ಬೆಳಕು ನಿಂತ ನೀರಿಗೆ ತಾಗಿದರೆ ಕನ್ನಡಿಗೆ ತಾಗಿದಂತೆ ಮುಂದಕ್ಕೆ ಹಾರಿಹೋಗುತ್ತದೆ. ಚಾಲಕನ ಕಡೆಗೆ ಹಿಂದಿರುಗುವುದಿಲ್ಲ. ಆದ್ದರಿಂದ ಹೊಂಡದ ನೀರು ಅವನಿಗೆ ಕಪ್ಪಾಗಿ ಕಾಣುತ್ತದೆ. ಹಾಳುಗುಂಡಿಯೂ ಕಪ್ಪೇ. ಯಾವುದು ಅಂಗೈಯಾಳದ ನೀರು, ಯಾವುದು ಆಳುದ್ದದ ಗುಂಡಿ ಎಂದು ತಿಳಿಯಲು ಒಬ್ಬ ಇಳಿದು ಕೋಲು ಹಾಕಿಯೇ ನೋಡಬೇಕು. ಬೆಳದಿಂಗಳಲ್ಲಿ ನಡೆದು ರೂಢಿಯಿದ್ದ ನಮ್ಮ ಹಿರಿಯರಿಗೆ ಇದರ ಗುಟ್ಟು ಗೊತ್ತಿತ್ತು. ಚಂದ್ರನಿಗೆ ಎದುರಾಗಿ ನಡೆಯುವಾಗ ಹೊಳೆಯುವುದು ನೀರು. ಚಂದ್ರನಿಗೆ ಬೆನ್ನು ಮಾಡಿ ನಡೆಯುವಾಗ ಕಪ್ಪಾಗಿರುವುದು ನೀರು.

ಗುಂಪಿನಲ್ಲಿ ಹೋಗುವುದಕ್ಕೂ ಒಂದು ಸೊಗಸಾದ ನಿಯಮವಿದೆ. ಪ್ರತಿಯೊಬ್ಬನೂ ಹಿಂದೆ ಬರುವವನ ದೀಪವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಕವಲು ಬಂದಲ್ಲಿ, ಹಿಂದಿನವನು ತನ್ನನ್ನು ಕಾಣುವವರೆಗೆ ನಿಂತು ಆಮೇಲೆ ತಿರುಗಬೇಕು. ಹಿಂದಿನ ದೀಪ ಕಾಣದಿದ್ದರೆ ನಿಲ್ಲುವುದು. ಹೀಗೆ ಒಬ್ಬ ನಿಂತರೆ ಸರಪಳಿಯಂತೆ ಎಲ್ಲರೂ ನಿಲ್ಲುತ್ತಾರೆ. ಮುಂದಿನವನನ್ನು ಬೆನ್ನಟ್ಟುವ ಆತುರ ಇದರಿಂದ ಇಲ್ಲವಾಗುತ್ತದೆ, ಯಾರೂ ಕತ್ತಲಲ್ಲಿ ತಪ್ಪಿಹೋಗುವುದಿಲ್ಲ. ಇದನ್ನು ಕೇಳಿದಾಗ ನನಗೆ ಈ ಹುಡುಗರ ಮೇಲೆ ಗೌರವ ಹುಟ್ಟಿತು. ಇಂಥ ತಂಡಗಳ ಅಭ್ಯಾಸ ಬರಿಯ ಶೋಕಿಯೆಂದು ತಳ್ಳಿಹಾಕುವಂತೆಯೂ ಇಲ್ಲ. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಇಂಥ ಗಾಡಿಗಳನ್ನುಳ್ಳವರು ಹೋಗಿ ಜನರನ್ನು ಹೊತ್ತು ತಂದರು. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮೈಸೂರು ನಂಜನಗೂಡಿನ ಹೆದ್ದಾರಿಯೇ ನೀರಿನಡಿಯಾದದ್ದನ್ನು ಈ ಕಡೆಯವರು ಮರೆತಿಲ್ಲ.

ನಡುರಾತ್ರಿ ಕಳೆದು ನರಸೀಪುರ ತಾಲ್ಲೂಕಿನ ಕಬ್ಬಿನ ಸೀಮೆಗೆ ಬಂದೆವು. ಎರಡು ಕಡೆಯೂ ಆಳೆತ್ತರ ಮೀರಿದ ಕಬ್ಬು, ನಡುವೆ ಒಂದೇ ಗಾಡಿಯ ಅಗಲದ ಓಣಿ. ಇಲ್ಲಿ ಯಾರೂ ಇಳಿಯಬೇಡಿ ಎಂದು ಸೂಚನೆ ಬಂದಿತು. ಕಾರಣ ಎಲ್ಲರಿಗೂ ತಿಳಿದಿತ್ತು. 2022ರ ಅಕ್ಟೋಬರಿನ ಕೊನೆಯಿಂದ 2023ರ ಜನವರಿಯವರೆಗೆ ಈ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ಕು ಜನ ಬಲಿಯಾದರು. ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬ ವೃದ್ಧೆ, ಒಬ್ಬ ಪುಟ್ಟ ಬಾಲಕ. ಕಬ್ಬು ಬೆಳೆದು ನಿಂತರೆ ಚಿರತೆಗೆ ಅದೇ ಕಾಡು. ಮರಿ ಹಾಕುವುದಕ್ಕೂ ಅಲ್ಲಿ ಮರೆಯುಂಟು, ಊರಿನ ನಾಯಿ ಕುರಿಗಳು ಆಹಾರಕ್ಕುಂಟು. ದೀಪದ ಬೆಳಕಿಗೆ ಕಬ್ಬಿನ ಅಂಚಿನಲ್ಲಿ ಎರಡು ಕಣ್ಣುಗಳು ಫಳಕ್ಕನೆ ಹೊಳೆದಾಗ ಗಾಡಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದೆವು. ಅದು ನಾಯಿ. ಇರುಳಿನಲ್ಲಿ ಬೇಟೆಯಾಡುವ ಬಹುಪಾಲು ಪ್ರಾಣಿಗಳ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಒಂದು ಪೊರೆಯಿರುತ್ತದೆ. ಒಮ್ಮೆ ಹಾದುಹೋದ ಬೆಳಕನ್ನು ಅದು ಹಿಂದಕ್ಕೆ ಕಳುಹಿಸಿ ಎರಡನೆಯ ಸಲ ಬಳಸಿಕೊಳ್ಳುತ್ತದೆ. ನಾಯಿಗೂ ಅದೇ, ದನಕ್ಕೂ ಅದೇ, ಚಿರತೆಗೂ ಅದೇ. ನಮಗೆ ಮಾತ್ರ ಅದಿಲ್ಲ.

ಓಣಿಯ ತಿರುವಿನಲ್ಲಿ ದೂರದಿಂದ ಹಳೆಯ ಚಲನಚಿತ್ರ ಗೀತೆಯೊಂದು ಕೇಳಿಬಂದಿತು. ಈ ಹೊತ್ತಿನಲ್ಲಿ ಹಾಡು ಯಾರದೆಂದು ನಾನು ಯೋಚಿಸುತ್ತಿರುವಾಗಲೇ ನಮ್ಮ ಹಿಂದಿದ್ದ ನಾಲ್ಕನೆಯ ಗಾಡಿಯ ಹುಡುಗ, ತಿರುವಿನಾಚೆ ಏನಿದೆಯೆಂದು ನೋಡಲು, ನೆತ್ತಿಯ ಮೇಲಿನ ದೀಪದ ಪಟ್ಟಿಯನ್ನು ಹೊತ್ತಿಸಿಬಿಟ್ಟ. ಕಬ್ಬೆಲ್ಲ ಬೆಳ್ಳಗಾಯಿತು. ಎದುರಿಗೆ, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ದೊಣ್ಣೆ, ಜೇಬಿನಲ್ಲಿ ಹಾಡುವ ಮೊಬೈಲು ಹಿಡಿದು ಬರುತ್ತಿದ್ದ ವಯಸ್ಸಾದ ರೈತರೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು ದಾರಿ ಬಿಡಲು ಪಕ್ಕಕ್ಕೆ ಸರಿದರು. ಅಲ್ಲಿ ಕಾಲುವೆ ಇತ್ತು. ಮೊಣಕಾಲಾಳದ ನೀರಿಗೆ ಬಿದ್ದರು.

ಓಡಿಹೋಗಿ ಎಬ್ಬಿಸಿದೆವು. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. "ಯಜಮಾನರೇ, ತಪ್ಪಾಯಿತು" ಎಂದೆ. "ಬಿದ್ದುದ್ದು ಇರ್ಲಿ ಬುಡಿ ಸ್ವಾಮಿ. ಮದ್ಲು ಆ ಲೈಟ್ನ ಆರ್ಸಿ. ಅದು ಉರಿಯಗಂಟ ನಂಗೇನೂ ಕಾಣದಿಲ್ಲ" ಎಂದರು.

ಐದು ಗಾಡಿಗಳ ದೀಪಗಳನ್ನೂ ಆರಿಸಿದೆವು. ಒಮ್ಮೆಲೇ ಕವಿದ ಕತ್ತಲಿನಲ್ಲಿ ಅವರೂ ನಾವೂ ಒಬ್ಬರನ್ನೊಬ್ಬರು ಕಾಣದೆ ನಿಂತಿದ್ದೆವು. ಹೀಗಾಗುವುದೇಕೆಂದರೆ, ನಮ್ಮ ಕಣ್ಣಿನಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುವಿನಾಕಾರದವು ಹಗಲಿನವು, ಬಣ್ಣವನ್ನು ತಿಳಿಸುತ್ತವೆ. ಕಡ್ಡಿಯಾಕಾರದವು ಇರುಳಿನವು. ಈ ಕಡ್ಡಿಕೋಶಗಳಲ್ಲಿ ಬೆಳಕಿಗೆ ಬಿಳಿಚಿಕೊಳ್ಳುವ ಒಂದು ವರ್ಣದ್ರವ್ಯವಿದೆ. ಅದು ಎ ಜೀವಸತ್ವದಿಂದ ಆಗುವಂಥದು, ಅದರ ಕೊರತೆಯೇ ಇರುಳುಗುರುಡು. ಪ್ರಖರವಾದ ಬೆಳಕು ಒಂದು ಕ್ಷಣ ಬಿದ್ದರೆ ಸಾಕು, ಈ ದ್ರವ್ಯ ಬಹಳಮಟ್ಟಿಗೆ ಖರ್ಚಾಗಿಹೋಗುತ್ತದೆ. ಮತ್ತೆ ಪೂರ್ತಿ ಕೂಡಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಕಡ್ಡಿಕೋಶಗಳು ಕೆಂಪು ಬೆಳಕಿಗೆ ಅಷ್ಟಾಗಿ ಸೊರಗುವುದಿಲ್ಲ. ಇನ್ನೊಂದು ವಿಚಿತ್ರ: ಕಣ್ಣಿನ ನಟ್ಟನಡುವೆ ಈ ಕಡ್ಡಿಕೋಶಗಳೇ ಇಲ್ಲ. ಕತ್ತಲಿನಲ್ಲಿ ಮಸುಕಾದ ವಸ್ತುವನ್ನು ಕಾಣಬೇಕಾದರೆ ಅದನ್ನು ನೇರವಾಗಿ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಬೇಕು. ನಾನು ಹಾಗೆ ನೋಡುತ್ತಾ ನಿಂತೆ. ಮೊದಲು ಕಬ್ಬಿನ ಗರಿಯಂಚು ಆಕಾಶಕ್ಕೆ ಎದುರಾಗಿ ಮೂಡಿತು, ಆಮೇಲೆ ದಾರಿಯ ಬೂದು ಗೆರೆ, ಆಮೇಲೆ ಅವರ ತಲೆಯ ಮೇಲಿನ ಬಿಳಿ ವಸ್ತ್ರ. ನೆತ್ತಿಯ ಮೇಲೆ ಅಷ್ಟೊಂದು ನಕ್ಷತ್ರಗಳಿದ್ದುದನ್ನು ಆ ರಾತ್ರಿಯೆಲ್ಲ ನಾವು ನೋಡಿಯೇ ಇರಲಿಲ್ಲ.

ಈ ಹೊತ್ತಿನಲ್ಲಿ ಒಬ್ಬರೇ ಹೊರಟದ್ದೇಕೆ ಎಂದು ಕೇಳಿದೆ. ಕರೆಂಟು ಬಂದಿದೆ ಎ೦ದರು. ಪಂಪು ತಿರುಗಲು ತ್ರಿಫೇಸ್ ವಿದ್ಯುತ್ತು ಬೇಕು. ಅದು ಪಾಳಿಯ ಮೇಲೆ ಬರುತ್ತದೆ; ಪಾಳಿ ಇರುಳಿಗೆ ಬಿದ್ದರೆ ರೈತನೂ ಇರುಳೇ ಎದ್ದು ಹೋಗಬೇಕು. ಚಿರತೆಯ ಭಯಕ್ಕೆ ಹಾಡು, ಹಾವಿನ ಭಯಕ್ಕೆ ಬ್ಯಾಟರಿ. ಹಗಲು ಹೊತ್ತು ವಿದ್ಯುತ್ತು ಕೊಡಿರೆಂದು ಈ ಸೀಮೆಯ ರೈತರು ಕೇಳುತ್ತ ಬಂದಿರುವುದನ್ನು ನಾನು ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೆ. ಓದಿ ಪುಟ ತಿರುವಿದ್ದೆ. ಕತ್ತಲಿನಲ್ಲಿ ಅಲೆಯುವ ಆಯ್ಕೆ ನಮ್ಮದಾಗಿತ್ತು. ಅವರಿಗೆ ಆಯ್ಕೆಯೆಂಬುದೇ ಇರಲಿಲ್ಲ. ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಅವರು ಬಗ್ಗಿ ಏನನ್ನೋ ಆಲಿಸಿ, "ನೀರು ಎಲ್ಲೋ ಸುರೀತಾ ಅದ" ಎಂದರು. ನಿಜ. ದೀಪ ಹೊತ್ತಿಸಿದ ಗಾಡಿಯ ಹಿಂದಿನ ಗಾಲಿ ತಿರುವಿನಲ್ಲಿ ಅಂಚು ಹತ್ತಿ ಕಾಲುವೆಯ ಬದುವನ್ನು ಒಡೆದಿತ್ತು. ನೀರು ಪಕ್ಕದ ಹೊಲಕ್ಕೆ ನುಗ್ಗುತ್ತಿತ್ತು. ಕಣ್ಣಿಗೆ ಬೀಳುವ ಮುನ್ನ ಅದು ಅವರ ಕಿವಿಗೆ ಬಿದ್ದಿತ್ತು. ನಾಲ್ಕು ಗಾಲಿಯ ಬಲ ಹಿಡಿತಕ್ಕೆ ಮೀರಿದಾಗ ನೆಲವನ್ನೇ ಕಿತ್ತು ಹಾಕುತ್ತದೆಂಬ ಪಾಠವನ್ನು ಮುಂದಾಳು ಮಾಡಲಿಲ್ಲ. ಸುಮ್ಮನೆ ಗುದ್ದಲಿ ತಂದು ಆ ಹುಡುಗನ ಕೈಗೆ ಕೊಟ್ಟ. ಯಜಮಾನರು ಕಾಲುವೆಯ ದಡದಲ್ಲಿ ಕುಳಿತು, ಎಲ್ಲಿಂದ ಮಣ್ಣು ತೆಗೆಯಬೇಕು, ಹೇಗೆ ತುಳಿಯಬೇಕು, ಹುಲ್ಲಿನ ಹೆಂಟೆಯನ್ನು ಎಲ್ಲಿ ಮಗುಚಬೇಕೆಂದು ಹೇಳಿಕೊಟ್ಟರು. ಹಿಂಬದಿಯ ಕೆಂಪು ದೀಪವೊಂದನ್ನು ಮಾತ್ರ ಉರಿಸಿದ್ದೆವು. ಅರ್ಧ ಗಂಟೆಯಲ್ಲಿ ಬದು ನಿಂತಿತು. ಹುಡುಗನ ಷೂ, ಷರಾಯಿ ಎಲ್ಲ ಕೆಸರು.

ಅವರ ಬ್ಯಾಟರಿ ನೀರು ಕುಡಿದು ಮಂಕಾಗಿತ್ತು. ಹುಡುಗ ಸಂಕೋಚದಿಂದ ತನ್ನ ಹೊಸ ಟಾರ್ಚನ್ನು ಮುಂದೆ ಹಿಡಿದು, "ಇದನ್ನ ಇಟ್ಕೊಳ್ಳಿ ತಾತ" ಎಂದ. ಅವರು ಅದನ್ನು ಒಂದು ಸಲ ಕಬ್ಬಿನ ಕಡೆಗೆ ಹೊತ್ತಿಸಿ ನೋಡಿ ತಕ್ಷಣ ಆರಿಸಿದರು. "ಬ್ಯಾಡ ಕಪ್ಪಾ, ಇದು ಭಾಳ ಬೆಳಕು" ಎಂದು ಹಿಂದಕ್ಕೆ ಕೊಟ್ಟು, ತಮ್ಮದನ್ನೇ ತೊಡೆಗೆ ಎರಡು ಸಲ ಬಡಿದರು. ಹಳದಿ ಬೆಳಕು ಬಂದಿತು. "ನಾಕಕ್ಕ ಕರೆಂಟ್ ಹೋಯ್ತದ, ಬತ್ತೀನಿ ಸ್ವಾಮಿ" ಎಂದು ಮೊಬೈಲಿನ ಹಾಡನ್ನು ಮತ್ತೆ ಹಚ್ಚಿಕೊಂಡು ಕಬ್ಬಿನ ನಡುವೆ ಹೊರಟರು.

ಹುಡುಗ ಗಾಡಿಯ ಮೇಲೆ ಹತ್ತಿ ದೀಪದ ಪಟ್ಟಿಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿಯುತ್ತಿದ್ದ. ಹಾಡು ದೂರವಾಗುತ್ತ ಆಗುತ್ತ ನಿಂತುಹೋಯಿತು. ಮುಂದಾಳು ಎಂಜಿನ್ನು ಹೊತ್ತಿಸದೆ ಕಾಯುತ್ತ ಕುಳಿತಿದ್ದ. ಸ್ವಲ್ಪ ಹೊತ್ತಿಗೆ ಕಬ್ಬಿನ ಆಚೆಯಿಂದ ಪಂಪು ತಿರುಗುವ ಸದ್ದು ಕೇಳಿಸಿತು. ಆಮೇಲೆ ನಾವು ಹೊರಟೆವು.